ಡಯಾಲಿಸಿಸ್ ಕೊಟ್ಟಿರಿ, ಕಸಿಗೂ ದಾರಿ ಮಾಡಿಕೊಡಿ!

ಗರುಡಾಚಾರ್‌ಪಾಳ್ಯ, ಹೂಡಿ, ಮಹದೇವಪುರ, ಸಿಂಗಯ್ಯನಪಾಳ್ಯದ ಬಂಧುಗಳೇ, ತಾಯಂದಿರೇ, ದುಡಿಯುವ ಅಣ್ಣತಮ್ಮಂದಿರೇ,

ಬೆಳಿಗ್ಗೆ ಐದೂವರೆಗೆ ನಮ್ಮ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ಒಮ್ಮೆ ನಿಂತು ನೋಡಿ. ಐಟಿಪಿಎಲ್ ಕಡೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಆ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ನಿಧಾನಕ್ಕೆ ನಡೆದು ಬರುತ್ತಾರೆ. ಹೆಂಡತಿಯ ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಆಸ್ಪತ್ರೆಯ ಫೈಲು, ಮಡಚಿದ ಬೆಡ್‌ಶೀಟು, ಇಡ್ಲಿ ಡಬ್ಬಿ. ಗಂಡನ ಮುಖ ಊದಿದೆ, ಪಾದಗಳು ಊದಿವೆ, ಚಪ್ಪಲಿಯ ಪಟ್ಟಿ ಕೂರುತ್ತಿಲ್ಲ. ಇವರು ಸೋಮವಾರ ಹೋಗುತ್ತಾರೆ, ಬುಧವಾರ ಹೋಗುತ್ತಾರೆ, ಶುಕ್ರವಾರ ಹೋಗುತ್ತಾರೆ. ಮುಂದಿನ ವಾರ ಮತ್ತೆ ಅದೇ. ಮುಂದಿನ ವರ್ಷವೂ ಅದೇ.

"ಡಯಾಲಿಸಿಸ್ ಈಗ ಉಚಿತ ಅಲ್ಲವೇ, ಇನ್ನೇನು ಬೇಕು?" ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆ ಪ್ರಶ್ನೆಗೆ ಲೆಕ್ಕ ಸಮೇತ ಉತ್ತರ ಕೊಡಲೆಂದೇ ಈ ಕರಪತ್ರ. ದಯವಿಟ್ಟು ಕೊನೆಯವರೆಗೂ ಓದಿ.

ಡಯಾಲಿಸಿಸ್ ಎಂದರೆ ಏನು ಪಾಡು

ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ರಕ್ತ ಶುದ್ಧ ಮಾಡುವ ಕೆಲಸವನ್ನು ಯಂತ್ರ ಮಾಡಬೇಕು. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಹೋಗಿ ಬರುವುದು, ಕಾಯುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಒತ್ತಿಹಿಡಿದು ಕೂರುವುದು ಎಲ್ಲ ಸೇರಿ ಒಂದು ದಿನ ಪೂರ್ತಿ ಹೋಯಿತು. ಯಂತ್ರಕ್ಕೆ ರಕ್ತ ಕೊಡಲು ತೋಳಿನಲ್ಲಿ ಎರಡು ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಅದುರುವುದು ತಿಳಿಯುತ್ತದೆ. ಆ ಅದುರು ನಿಂತರೆ ಓಡಬೇಕು ಆಸ್ಪತ್ರೆಗೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಸಿಮೆಂಟು ಮೂಟೆ ಹೊರುವವರಿಗೆ, ಗ್ಯಾಸ್ ಸಿಲಿಂಡರ್ ಇಳಿಸುವವರಿಗೆ ಅಲ್ಲಿಗೆ ಕಸುಬು ಮುಗಿದ ಹಾಗೆ.

ನೀರಿಗೂ ಅಳತೆ. ಮೂತ್ರ ನಿಂತವರು ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರಿನೊಳಗೆ ಇರಬೇಕು ಎನ್ನುತ್ತಾರೆ ಡಾಕ್ಟರು. ಏಪ್ರಿಲ್ ಬಿಸಿಲಿನಲ್ಲೂ ಅಷ್ಟೇ. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ಬೇಡ. ಪ್ರತಿ ಸಲ ಯಂತ್ರಕ್ಕೆ ಕೂರುವ ಮುಂಚೆ ತೂಕ ನೋಡುತ್ತಾರೆ. ತಕ್ಕಡಿ ಮೂರು ಕಿಲೋ ಹೆಚ್ಚು ತೋರಿಸಿದರೆ ಆ ಮೂರು ಕಿಲೋ ನೀರು. ಅದನ್ನು ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯುವಾಗ ಬಿಪಿ ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಒಂದು ಲೋಟ ನೀರು ಹೆಚ್ಚು ಕುಡಿದೆ ಎಂದು ಗಂಡಸರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಆದರೂ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇವೆ: ಡಯಾಲಿಸಿಸ್ ಜೀವ ಉಳಿಸುತ್ತದೆ. ಅದನ್ನು ಬಡವರಿಗೆ ಉಚಿತವಾಗಿ ಕೊಟ್ಟದ್ದು ದೊಡ್ಡ ಕೆಲಸ. 2016ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಯಂತ್ರಗಳು ಬಂದವು. ಒಬ್ಬರಿಗೆ ಬಳಸಿದ ಡಯಾಲೈಸರನ್ನೇ, ಅಂದರೆ ರಕ್ತ ಸೋಸುವ ಫಿಲ್ಟರನ್ನೇ, ತೊಳೆದು ಮತ್ತೆ ಬಳಸುವುದನ್ನು ಬಿಟ್ಟು, ಒಂದೇ ಸಲ ಬಳಸುವ ಡಯಾಲೈಸರನ್ನು 2024ರಲ್ಲಿ ತಂದರು. ಇದನ್ನೆಲ್ಲ ನಾವು ಮರೆತಿಲ್ಲ. ನಾವು ಕೇಳುತ್ತಿರುವುದು ಇದರ ಮುಂದಿನ ಹೆಜ್ಜೆ: ಕಿಡ್ನಿ ಕಸಿ, ಅಂದರೆ ದಾನಿಯ ಕಿಡ್ನಿಯನ್ನು ರೋಗಿಗೆ ಜೋಡಿಸುವುದು.

ಸರ್ಕಾರದ್ದೇ ಅಂಕಿ, ನಮ್ಮ ಲೆಕ್ಕ

ಈ ಲೆಕ್ಕಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ದಿನಸಿ ಅಂಗಡಿಯ ಚೀಟಿ ಕೂಡುವಷ್ಟು ಬಂದರೆ ಸಾಕು.

2016ರ ಬಜೆಟ್ ಭಾಷಣದಲ್ಲಿ ಕೇಂದ್ರ ಸರ್ಕಾರವೇ ಹೇಳಿದ್ದು: ಒಂದು ಡಯಾಲಿಸಿಸ್ಸಿಗೆ ಸುಮಾರು 2,000 ರೂಪಾಯಿ. ವಾರಕ್ಕೆ 3 ಸಲ ಎಂದರೆ ವರ್ಷಕ್ಕೆ 156 ಸಲ. ಗುಣಿಸಿ ನೋಡಿ: ವರ್ಷಕ್ಕೆ 3 ಲಕ್ಷದ 12 ಸಾವಿರ.

ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆಂದು ಕರ್ನಾಟಕ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ತಂದ ಯೋಜನೆಯಲ್ಲಿ ಕಿಡ್ನಿ ಕಸಿಗೆ ಗೊತ್ತುಮಾಡಿದ ಹಣ: ಶಸ್ತ್ರಚಿಕಿತ್ಸೆಗೆ 2 ಲಕ್ಷ, ಆಮೇಲಿನ ಒಂದು ವರ್ಷದ ಔಷಧಿಗೆ 1 ಲಕ್ಷ. ಒಟ್ಟು 3 ಲಕ್ಷ.

ಎರಡನ್ನೂ ಪಕ್ಕಪಕ್ಕ ಇಡಿ.

ಮೊದಲ ವರ್ಷ: ಡಯಾಲಿಸಿಸ್ 3.12 ಲಕ್ಷ. ಕಸಿ 3 ಲಕ್ಷ.
ಎರಡು ವರ್ಷಕ್ಕೆ: ಡಯಾಲಿಸಿಸ್ 6.24 ಲಕ್ಷ. ಕಸಿ 4 ಲಕ್ಷ.
ಐದು ವರ್ಷಕ್ಕೆ: ಡಯಾಲಿಸಿಸ್ 15.6 ಲಕ್ಷ. ಕಸಿ 7 ಲಕ್ಷ.

ಔಷಧಿಗೆ ಪ್ರತಿ ವರ್ಷವೂ 1 ಲಕ್ಷ ಬೇಕು ಎಂದೇ ಹಿಡಿದು ಮಾಡಿದ ಲೆಕ್ಕ ಇದು. ಕಾಲ ಕಳೆದಂತೆ ಔಷಧಿಯ ಪ್ರಮಾಣ ಸಾಮಾನ್ಯವಾಗಿ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಎಂದರೂ ಐದು ವರ್ಷಕ್ಕೆ 10.4 ಲಕ್ಷ. ಆಗಲೂ ಕಸಿಯೇ ಅಗ್ಗ. ಈ ದರಗಳು ಯೋಜನೆ ಬಂದ ಕಾಲದವು. ಆಮೇಲೆ ಅತ್ತಿತ್ತ ಆದರೂ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಇನ್ನೊಂದು ಲಾಭವನ್ನು ಯಾರೂ ಎಣಿಸುವುದಿಲ್ಲ. ಒಬ್ಬರಿಗೆ ಕಸಿಯಾದರೆ ಅವರ ಪಾಲಿನ 156 ಸರದಿ ಖಾಲಿಯಾಗುತ್ತದೆ. "ಯಂತ್ರ ಖಾಲಿ ಇಲ್ಲ, ಆಮೇಲೆ ಬನ್ನಿ" ಎನಿಸಿಕೊಂಡು ಹೊರಗೆ ಕಾಯುತ್ತಿರುವ ಮತ್ತೊಬ್ಬರು ಅಂದೇ ಒಳಗೆ ಬರಬಹುದು. ಒಂದು ಕಸಿ, ಎರಡು ಜೀವ.

"ಉಚಿತ" ಎಂಬುದಕ್ಕೆ ಮನೆ ಕೊಡುವ ಬೆಲೆ

ಮೇಲಿನದು ಖಜಾನೆಯ ಲೆಕ್ಕ. ಮನೆಯ ಲೆಕ್ಕ ಬೇರೆಯೇ ಇದೆ.

ರೋಗಿಯ ಜೊತೆಗೆ ಒಬ್ಬರು ಹೋಗಲೇಬೇಕು. ಅವರ ಕೂಲಿ ದಿನಕ್ಕೆ 500 ರೂಪಾಯಿ ಎಂದು ಹಿಡಿದರೂ 156 ದಿನಕ್ಕೆ 78,000 ಹೋಯಿತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ, ನಿಜ. ಆದರೆ ಡಯಾಲಿಸಿಸ್ ಮುಗಿಸಿ ತಲೆಸುತ್ತು ಬಂದವರನ್ನು ಬಸ್ಸಿನ ಕಂಬಿ ಹಿಡಿದು ನಿಲ್ಲು ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಆಟೋ ಹಿಡಿಯುತ್ತಾರೆ. ಸಲಕ್ಕೆ 200 ಎಂದರೆ ವರ್ಷಕ್ಕೆ 31,200. ಎರಡೂ ಸೇರಿ 1 ಲಕ್ಷದ 9 ಸಾವಿರ ದಾಟಿತು. ರಕ್ತ ಹೆಚ್ಚಿಸುವ ಇಂಜೆಕ್ಷನ್, ಹೊರಗೆ ಬರೆದುಕೊಡುವ ಮಾತ್ರೆ, ಪರೀಕ್ಷೆ ಇದರ ಮೇಲೆ. ರೋಗಿಯ ದುಡಿಮೆ ನಿಂತದ್ದನ್ನು ನಾವಿನ್ನೂ ಸೇರಿಸಿಯೇ ಇಲ್ಲ.

ಗಾರ್ಮೆಂಟ್ಸಿನಲ್ಲಿ ಹೊಲಿಯುವ ಅಕ್ಕ ವಾರಕ್ಕೆ ಮೂರು ದಿನ ರಜೆ ಕೇಳಿದರೆ ಎಷ್ಟು ವಾರ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ? ಮೊದಲು ಚೀಟಿ ದುಡ್ಡು ಎತ್ತುತ್ತಾರೆ. ಆಮೇಲೆ ಒಡವೆ ಅಡ ಇಡುತ್ತಾರೆ. ಆಮೇಲೆ ಮಗಳ ಕಾಲೇಜು ಬಿಡಿಸುತ್ತಾರೆ. ಉಚಿತ ಡಯಾಲಿಸಿಸ್ ಪಡೆಯುತ್ತಲೇ ಮನೆ ಮುಳುಗುವುದು ಹೀಗೆ.

ಕಸಿ ಚೆನ್ನಾಗಿ ಕೂಡಿಬಂದರೆ ಕೆಲವೇ ತಿಂಗಳಲ್ಲಿ ಅದೇ ಮನುಷ್ಯ ಕೆಲಸಕ್ಕೆ ಮರಳಬಲ್ಲ. ಬಾಯಾರಿದಾಗ ಚೊಂಬು ತುಂಬ ನೀರು ಕುಡಿಯಬಲ್ಲ. ಕಸಿ ಮಾಡಿದ ಕಿಡ್ನಿ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಮೇಲೆ ಕೆಲಸ ಮಾಡುತ್ತದೆ.

ಪೂರ್ತಿ ಸತ್ಯ ಹೇಳೋಣ

ಕಸಿ ಎಲ್ಲರಿಗೂ ಆಗುವಂಥದ್ದಲ್ಲ. ಹೃದಯ ತುಂಬ ದುರ್ಬಲವಾದವರಿಗೆ, ಕ್ಯಾನ್ಸರ್ ಇರುವವರಿಗೆ, ವಾಸಿಯಾಗದ ಸೋಂಕು ಇರುವವರಿಗೆ ಡಾಕ್ಟರು ಬೇಡ ಎನ್ನಬಹುದು. ಅಂಥವರಿಗೆ ಡಯಾಲಿಸಿಸ್ಸೇ ದಾರಿ, ಅದು ಇನ್ನಷ್ಟು ಹತ್ತಿರ ಬರಬೇಕು. ಕಸಿಯಾದವರೂ ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್‌ನಂಥ ಔಷಧಿಗಳನ್ನು ಹೊತ್ತಿಗೆ ಸರಿಯಾಗಿ ಜೀವಮಾನವಿಡೀ ತೆಗೆದುಕೊಳ್ಳಬೇಕು. ದುಡ್ಡಿಲ್ಲವೆಂದು ಔಷಧಿ ಬಿಟ್ಟರೆ ಮೈ ಆ ಕಿಡ್ನಿಯನ್ನು ತಳ್ಳಿಹಾಕುತ್ತದೆ. ಆಗ ತಾಯಿ ಕೊಟ್ಟ ಕಿಡ್ನಿಯೂ ಹೋಯಿತು, ಸರ್ಕಾರ ಹಾಕಿದ 2 ಲಕ್ಷವೂ ಹೋಯಿತು, ರೋಗಿ ಮತ್ತೆ ಯಂತ್ರದ ಪಕ್ಕದ ಮಂಚಕ್ಕೆ ಬಂದ.

ಯೋಜನೆಯಲ್ಲಿ ಔಷಧಿಗೆ ಇಟ್ಟದ್ದು ಒಂದು ವರ್ಷದ ದುಡ್ಡು. ಎರಡನೆಯ ವರ್ಷಕ್ಕೆ ಬಡವ ಏನು ಮಾಡಬೇಕು? ನಮ್ಮ ಹೋರಾಟದ ಮುಖ್ಯ ಪ್ರಶ್ನೆ ಇದೇ.

ಹಾಗಾದರೆ ಕಸಿ ಏಕೆ ಆಗುತ್ತಿಲ್ಲ?

ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಜನ ಹೊಸದಾಗಿ ಕಿಡ್ನಿ ಪೂರ್ತಿ ಕೆಟ್ಟ ಸ್ಥಿತಿಗೆ ಬರುತ್ತಾರೆ ಎಂದು ಅದೇ 2016ರ ಬಜೆಟ್ ಭಾಷಣ ಹೇಳಿತ್ತು. 2023ರಲ್ಲಿ ಇಡೀ ದೇಶದಲ್ಲಿ ಆದ ಕಿಡ್ನಿ ಕಸಿ 13,426. ಹದಿನಾರು ಜನರಲ್ಲಿ ಒಬ್ಬರಿಗೂ ಸರಿಯಾಗಿ ಬರಲಿಲ್ಲ.

ಮೊದಲ ಕಾರಣ, ಹೇಳುವವರೇ ಇಲ್ಲ. ಡಯಾಲಿಸಿಸ್ ಶುರುವಾದ ದಿನ ಮುಂದಿನ ತಾರೀಕು ಬರೆದ ಚೀಟಿ ಸಿಗುತ್ತದೆ. "ನಿಮಗೆ ಕಸಿ ಆಗಬಹುದು, ಇಂಥ ಕಡೆ ಹೋಗಿ, ಇಂಥ ಕಾಗದ ತನ್ನಿ" ಎಂದು ಕೂರಿಸಿ ಹೇಳುವವರು ಎಷ್ಟು ಕಡೆ ಇದ್ದಾರೆ? ಎರಡನೆಯದು, ಕಸಿಗೆ ಮುಂಚಿನ ಪರೀಕ್ಷೆಗಳ ಓಡಾಟ. ರೋಗಿಗೂ ಪರೀಕ್ಷೆ, ಕಿಡ್ನಿ ಕೊಡುವವರಿಗೂ ಪರೀಕ್ಷೆ, ನೆಂಟಸ್ತಿಕೆಗೆ ದಾಖಲೆ. ಕೂಲಿ ಬಿಟ್ಟು ಎಷ್ಟು ದಿನ ಅಲೆಯುವುದು?

ಮೂರನೆಯದು, ಕೊಡುವವರು ಯಾರು ಎಂಬುದು. 2023ರ ಆ 13,426 ಕಸಿಗಳಲ್ಲಿ 11,791ಕ್ಕೆ ಕಿಡ್ನಿ ಕೊಟ್ಟವರು ಬದುಕಿರುವ ದಾನಿಗಳು, ಬಹುಪಾಲು ಮನೆಯವರೇ. ಅದೇ ವರ್ಷ ಅಂಗ ದಾನ ಮಾಡಿದ ಬದುಕಿರುವ ದಾನಿಗಳಲ್ಲಿ ಹೆಣ್ಣುಮಕ್ಕಳು 9,784, ಗಂಡಸರು 5,651. ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ, ಅಕ್ಕ ಕೊಡುತ್ತಾಳೆ. ಆದರೆ ಅಕ್ಕನಿಗೆ ಕಿಡ್ನಿ ಬೇಕಾದಾಗ ತಮ್ಮ ಎಲ್ಲಿದ್ದಾನೆ? ಈ ಮಾತನ್ನು ನಮ್ಮ ಮನೆಗಳಲ್ಲಿ ನಾವೇ ಕೇಳಿಕೊಳ್ಳಬೇಕು. ಆರೋಗ್ಯವಂತರು ಒಂದು ಕಿಡ್ನಿಯಲ್ಲಿ ಚೆನ್ನಾಗಿಯೇ ಬದುಕಬಹುದು ಎಂದು ಡಾಕ್ಟರು ಪರೀಕ್ಷಿಸಿ, ಖಾತ್ರಿ ಮಾಡಿಕೊಂಡ ಮೇಲೆಯೇ ತೆಗೆಯುತ್ತಾರೆ.

ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ. ಕಿಡ್ನಿ ಮಾರುವುದೂ ಕೊಳ್ಳುವುದೂ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಪರಾಧ, ಜೈಲು ಖಂಡಿತ. ಆ ಕಾಯ್ದೆ ಬರುವ ಮುಂಚೆ ನಮ್ಮ ಬೆಂಗಳೂರು ಕಿಡ್ನಿ ಮಾರಾಟಕ್ಕೆ ಕುಖ್ಯಾತವಾಗಿತ್ತು. ಸಾಲ ತೀರಿಸಲು ಮಾರಿದ ಬಡವರಿಗೆ ಸಾಲವೂ ತೀರಲಿಲ್ಲ, ಮೈಯೂ ಉಳಿಯಲಿಲ್ಲ. ಆ ಕಾಲ ನಮ್ಮ ಬೀದಿಗೆ ಮತ್ತೆ ಬರಬಾರದು.

ಮಣ್ಣಿಗೆ ಹೋಗುವ ಮುಂಚೆ ಒಂದು ದಾನ

2021ರ ಜೂನ್. ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ ಬಂದು ರಾಷ್ಟ್ರಪ್ರಶಸ್ತಿ ಗೆದ್ದ ಹುಡುಗ. ಮಿದುಳು ನಿಷ್ಕ್ರಿಯವಾಗಿದೆ ಎಂದು ಡಾಕ್ಟರು ಹೇಳಿದಾಗ ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಕಿಡ್ನಿಗಳು ಬೇರೆಯವರ ಮೈಯಲ್ಲಿ ಕೆಲಸ ಮುಂದುವರಿಸಿದವು. ಡಾ. ರಾಜ್‌ಕುಮಾರ್, ಪುನೀತ್ ರಾಜ್‌ಕುಮಾರ್ ಕಣ್ಣು ದಾನ ಮಾಡಿದಾಗ ನಾಡಿಗೆ ನಾಡೇ ಕಣ್ಣು ದಾನಕ್ಕೆ ಮುಂದೆ ಬಂದದ್ದನ್ನು ನಾವು ಕಂಡಿದ್ದೇವೆ. ಕಿಡ್ನಿಗೂ ಹಾಗೆ ಮುಂದೆ ಬರೋಣ.

ಮಿದುಳು ಸತ್ತವರ ಅಂಗಾಂಗ ದಾನದ ವ್ಯವಸ್ಥೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಜೀವಸಾರ್ಥಕತೆ ಸಂಸ್ಥೆ. 2023ರಲ್ಲಿ ಕರ್ನಾಟಕದಲ್ಲಿ ಹೀಗೆ ದಾನ ಮಾಡಿದ್ದು 178 ಮಂದಿ. ಇಷ್ಟು ದೊಡ್ಡ ರಾಜ್ಯಕ್ಕೆ ಇದು ಸಾಲದು. ಹೆದರಿಕೆ ಬೇಡ. ಮಿದುಳು ಸತ್ತಿದೆ ಎನ್ನುವುದನ್ನು ನಾಲ್ವರು ಡಾಕ್ಟರ ತಂಡ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಿ ಹೇಳಬೇಕು. ದಾನಕ್ಕೆ ಮನೆಯವರು ಒಂದು ಪೈಸೆ ಕೊಡಬೇಕಾಗಿಲ್ಲ. ದೇಹವನ್ನು ಗೌರವದಿಂದ ಹೊಲಿದು ಹಿಂದಕ್ಕೆ ಕೊಡುತ್ತಾರೆ, ನಿಮ್ಮ ಶಾಸ್ತ್ರದಂತೆ ಕಳಿಸಿಕೊಡಬಹುದು.

ಒಂದನ್ನು ಮಾತ್ರ ನೆನಪಿಡಿ: ನೀವು ಫಾರಂ ತುಂಬಿದರೆ ಸಾಲದು. ಆ ಹೊತ್ತಿನಲ್ಲಿ ಹೂಂ ಅನ್ನಬೇಕಾದವರು ಮನೆಯವರು. ಅದಕ್ಕೇ ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿ: "ನನಗೇನಾದರೂ ಆದರೆ ನನ್ನ ಕಿಡ್ನಿ ಕೊಟ್ಟುಬಿಡಿ." ಒಂದು ವಾಕ್ಯ, ಅಷ್ಟೇ.

ನಮ್ಮ ಹಕ್ಕೊತ್ತಾಯಗಳು

1. ಸರ್ಕಾರಿ ಡಯಾಲಿಸಿಸ್ ಶುರುವಾದ ಮೂರು ತಿಂಗಳೊಳಗೆ ಪ್ರತಿ ರೋಗಿಗೂ ಕಸಿಗೆ ಅರ್ಹರೇ ಎಂಬ ತಪಾಸಣೆ ಆಗಬೇಕು. ಉತ್ತರ ಲಿಖಿತವಾಗಿ, ಕನ್ನಡದಲ್ಲಿ ಕೈಗೆ ಸಿಗಬೇಕು.

2. ರೋಗಿಗೂ ದಾನಿಗೂ ಕಸಿಗೆ ಮುಂಚಿನ ಎಲ್ಲ ಪರೀಕ್ಷೆ ಉಚಿತವಾಗಬೇಕು, ಒಂದೇ ಕಡೆ, ಕೆಲವೇ ದಿನಗಳಲ್ಲಿ ಮುಗಿಯಬೇಕು.

3. ಕಸಿಯಾದ ಬಡ ರೋಗಿಗೆ ಔಷಧಿ ಜೀವಮಾನವಿಡೀ ಉಚಿತವಾಗಿ ಸಿಗಬೇಕು. ವರ್ಷಕ್ಕೆ 3.12 ಲಕ್ಷ ಉಳಿಸಿಕೊಂಡ ಖಜಾನೆ 1 ಲಕ್ಷದ ಔಷಧಿ ಕೊಡಬಲ್ಲದು.

4. ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಗೆ ಇನ್ನಷ್ಟು ಡಾಕ್ಟರು, ಹಾಸಿಗೆ, ಹಣ ಕೊಡಬೇಕು. ಪೂರ್ವ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿಯೂ ಕಸಿ ಘಟಕ ಬರಬೇಕು.

5. ಕಸಿ ಆಗದವರಿಗಾಗಿ ಮಹದೇವಪುರ ಭಾಗದಲ್ಲೇ ರಾತ್ರಿ ಪಾಳಿಯೂ ಇರುವ ಡಯಾಲಿಸಿಸ್ ಕೇಂದ್ರ ಬೇಕು. ಹಗಲು ದುಡಿದು ರಾತ್ರಿ ಬರುವಂತಿರಬೇಕು.

6. ಅಂಗ ದಾನ ಮಾಡಿದ ಕೇಂದ್ರ ಸರ್ಕಾರಿ ನೌಕರರಿಗೆ 2023ರಿಂದ 42 ದಿನಗಳ ವಿಶೇಷ ರಜೆ ಇದೆ. ಮಗನಿಗೆ ಕಿಡ್ನಿ ಕೊಟ್ಟ ಗಾರ್ಮೆಂಟ್ಸ್ ತಾಯಿಗೂ ಸಂಬಳ ಸಹಿತ ಅಷ್ಟೇ ರಜೆ ಸಿಗಬೇಕು.

ನೀವು ಇಂದೇ ಮಾಡಬಹುದಾದದ್ದು

ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ, ಮುಂದಿನ ಸಲ ಹೋದಾಗ ಡಾಕ್ಟರನ್ನು ನೇರವಾಗಿ ಕೇಳಿ: "ಇವರಿಗೆ ಕಸಿ ಆಗುತ್ತದೆಯೇ?" ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳನ್ನು ಒಂದೇ ಫೈಲಿನಲ್ಲಿ ಇಡಿ. ಕಸಿ ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಕೂರುತ್ತಾರೆ, ಅವರನ್ನು ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಕಾರ್ಖಾನೆಯಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಇಂದಿರಾನಗರ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ನಿಮ್ಮ ಹಕ್ಕೇನು ಎಂದು ಕೇಳಿ ತಿಳಿದುಕೊಳ್ಳಿ. ವಿಕ್ಟೋರಿಯಾಕ್ಕೆ ಹೋಗಲು ನಮ್ಮ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಿರಿ.

ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಬಹುಪಾಲು ಕೆಡುವವರೆಗೂ ನೋವು ಕೊಡುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಿಂದ ದಿನವೂ ನೋವಿನ ಮಾತ್ರೆ ತಂದು ನುಂಗುವುದನ್ನು ಬಿಡಿ.

ಯುವಕರೇ, ಈ ಸಲ ಅಣ್ಣಮ್ಮನ ಉತ್ಸವದ, ಗಣೇಶನ ಪೆಂಡಾಲಿನ, ರಾಜ್ಯೋತ್ಸವದ ವೇದಿಕೆಯ ಪಕ್ಕದಲ್ಲೊಂದು ಮೇಜು ಹಾಕಿ. ರಕ್ತದಾನದ ಜೊತೆಗೆ ಅಂಗಾಂಗ ದಾನದ ನೋಂದಣಿಯನ್ನೂ ಮಾಡಿಸಿ. ಮಸೀದಿಯ, ಚರ್ಚಿನ ಹಿರಿಯರೂ ಇದಕ್ಕೆ ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಈ ಹಕ್ಕೊತ್ತಾಯಗಳ ಮನವಿಯನ್ನು ರಾಜ್ಯದ ಆರೋಗ್ಯ ಸಚಿವರಿಗೂ ನಮ್ಮ ಶಾಸಕರಿಗೂ ಕೊಡಲಿದ್ದೇವೆ. ಸಹಿ ಪುಸ್ತಕ ಹಿಡಿದು ಮನೆ ಮನೆಗೆ ಬರುತ್ತೇವೆ. ಬಾಗಿಲು ತೆಗೆಯಿರಿ, ಹೆಸರು ಬರೆಯಿರಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಓದಿ ಮುಗಿದ ಮೇಲೆ ಈ ಹಾಳೆಯನ್ನು ಬಿಸಾಡಬೇಡಿ, ಪಕ್ಕದ ಮನೆಗೆ ಕೊಡಿ.

ಖಜಾನೆಗೆ ಕಡಿಮೆ ಖರ್ಚು, ರೋಗಿಗೆ ಹೆಚ್ಚು ಬದುಕು. ಇಷ್ಟು ನೇರವಾದ ಲೆಕ್ಕ ಇನ್ನು ಕಡತದಲ್ಲಿ ಕೂರುವುದು ಬೇಡ. ನಾಳೆ ಬೆಳಿಗ್ಗೆ ಐದೂವರೆಗೆ ಆ ಗಂಡ ಹೆಂಡತಿ ಮತ್ತೆ ಮೆಟ್ರೊ ಮೆಟ್ಟಿಲು ಹತ್ತುತ್ತಾರೆ. ಅಷ್ಟರೊಳಗೆ ನಿಮ್ಮ ಸಹಿ ಬೀಳಲಿ.

ಇಂತಿ ನಿಮ್ಮವರು,
ಗರುಡಾಚಾರ್‌ಪಾಳ್ಯದ ಕಿಡ್ನಿ ರೋಗಿಗಳ ಮನೆಯವರು ಮತ್ತು ನೆರೆಹೊರೆಯವರು